ಪಿಯು ಕಾಲೇಜಿನ ಉಪನ್ಯಾಸಕರಿಗೆ ಹಳ್ಳಿ ಹೈಸ್ಕೂಲಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರಿಗೆ, ಉಪನ್ಯಾಸಕ ಮಿತ್ರರಿಗೆ, ಪದವಿಪೂರ್ವ ಶಿಕ್ಷಣವನ್ನು ನೋಡಿಕೊಳ್ಳುವ ಅಧಿಕಾರಿಗಳಿಗೆ,

ನಮಸ್ಕಾರ.

ನಾನು ಮಲೆನಾಡಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಶಿಕ್ಷಕಿ. ಎಸೆಸೆಲ್ಸಿ ಮುಗಿಸಿದ ನಮ್ಮ ಮಕ್ಕಳು ಪ್ರತಿ ಜೂನ್‌ನಲ್ಲಿ ನಿಮ್ಮ ಕಾಲೇಜಿಗೆ ಬರುತ್ತಾರೆ. ಅವರಲ್ಲಿ ಕೆಲವರು ಆಗಸ್ಟ್ ಹೊತ್ತಿಗೆ ಕಾಲೇಜಿಗೆ ಹೋಗುತ್ತಿರುವುದಿಲ್ಲ. ನಿಮ್ಮ ಹಾಜರಿ ಪುಸ್ತಕದಲ್ಲಿ ಆ ಹೆಸರಿನ ಮುಂದೆ ಗೈರು ಅಂತ ಇರುತ್ತದೆ. ನಮಗೆ ಸುದ್ದಿ ಸಿಗುವುದು ಸಂತೆಯಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಯಾರದೋ ಮದುವೆ ಮನೆಯಲ್ಲಿ. "ಅವ್ನು ಕಾಲೇಜು ಬಿಟ್ನಂತೆ ಮೇಡಂ, ಬೆಂಗಳೂರಿಗೆ ಬೇಕರಿ ಕೆಲಸಕ್ಕೆ ಹೋದ." ಹುಡುಗಿಯಾದರೆ, "ಮನೇಲೇ ಇದಾಳೆ, ಸಂಬಂಧ ನೋಡ್ತಿದಾರೆ."

ಇವರು ದಡ್ಡ ಮಕ್ಕಳಲ್ಲ. ಪಾಸಾಗಿಯೇ ಬಂದವರು. ಕೆಲವರಂತೂ ಒಳ್ಳೆಯ ಅಂಕ ತೆಗೆದವರು. ಹತ್ತನೇ ತರಗತಿಯ ಕೊನೆಯ ದಿನಕ್ಕೂ ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಗೂ ನಡುವೆ ಒಂದಿಷ್ಟು ಕಾಲ ಇದೆಯಲ್ಲ, ಆ ಕಾಲದಲ್ಲಿ ಮಗುವಿನ ಹೊಣೆ ಯಾರದು ಅಂತ ಯಾರೂ ಗೊತ್ತುಮಾಡಿಲ್ಲ. ನಾವು ಕಳಿಸಿದೆವು ಅನ್ನುತ್ತೇವೆ. ನೀವು ಸಿಲೆಬಸ್ ಶುರುಮಾಡುತ್ತೀರಿ. ಆ ಹೊಣೆಯನ್ನು ನೀವು, ನಾವು ಸೇರಿ ಹೊರಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಪ್ರಥಮ ಪಿಯುಸಿಯ ಮೊದಲ ಆರು ವಾರವನ್ನು ಮಕ್ಕಳು ಕಾಲೇಜಿಗೆ ಹೊಂದಿಕೊಳ್ಳುವ ಕಾಲ ಅಂತ ಇಲಾಖೆಯೇ ಗುರುತಿಸಲಿ. ಪಾಠ ನಡೆಯಲಿ, ಬೇಡ ಅನ್ನುವುದಿಲ್ಲ. ಆದರೆ ಆ ಆರು ವಾರದಲ್ಲಿ ಯಾವ ಮಗುವಿಗೂ "ನೀನು ಇದಕ್ಕೆ ಲಾಯಕ್ಕಲ್ಲ" ಎಂಬ ಮಾತು ಕೇಳಿಸಬಾರದು.

ನಮ್ಮ ಮಕ್ಕಳು ಎಲ್ಲಿಂದ ಬರುತ್ತಾರೆ ಅನ್ನುವುದನ್ನು ಸ್ವಲ್ಪ ಹೇಳುತ್ತೇನೆ.

ಹೈಸ್ಕೂಲಿನಲ್ಲಿ ಒಂದು ತರಗತಿಯಲ್ಲಿ ಮೂವತ್ತು, ಹೆಚ್ಚೆಂದರೆ ನಲವತ್ತು ಮಕ್ಕಳು. ಯಾರ ತಂದೆ ಏನು ಕೆಲಸ ಮಾಡುತ್ತಾರೆ, ಯಾರ ಮನೆಗೆ ಮಳೆಗಾಲದಲ್ಲಿ ಹಳ್ಳ ದಾಟಿ ಹೋಗಬೇಕು, ಯಾರಿಗೆ ಬೋರ್ಡು ಕಾಣಿಸುವುದಿಲ್ಲ, ಎಲ್ಲವೂ ನಮಗೆ ಗೊತ್ತು. ಮಗು ಎರಡು ದಿನ ಬರಲಿಲ್ಲ ಅಂದರೆ ಪಕ್ಕದ ಮನೆಯ ಹುಡುಗನನ್ನು ಕೇಳಿದರೆ ಸಾಕು. ಇಂಥ ಕಡೆಯಿಂದ ಎದ್ದು ಬಂದ ಮಗು ನಿಮ್ಮಲ್ಲಿ ಎಂಬತ್ತು, ನೂರು ಜನರ ನಡುವೆ ಕೂರುತ್ತದೆ. ಒಂದೊಂದು ವಿಷಯಕ್ಕೆ ಒಬ್ಬೊಬ್ಬರು ಬರುತ್ತಾರೆ, ಹೋಗುತ್ತಾರೆ. ಇದು ಯಾರದೂ ತಪ್ಪಲ್ಲ, ಕಾಲೇಜು ಇರುವುದೇ ಹಾಗೆ. ಆದರೆ ಹೆಸರು ಹಿಡಿದು ಕರೆಯುವವರು ಒಬ್ಬರೂ ಇಲ್ಲದ ಜಾಗದಲ್ಲಿ ಹದಿನಾರು ವರ್ಷದ ಮಗು ತಾನು ಬಂದರೂ ಒಂದೇ, ಬರದಿದ್ದರೂ ಒಂದೇ ಅಂದುಕೊಳ್ಳಲು ಬಹಳ ದಿನ ಬೇಕಾಗುವುದಿಲ್ಲ.

ಇನ್ನು ಊಟದ ವಿಷಯ. ನಮ್ಮಲ್ಲಿರುವಾಗ ಮಧ್ಯಾಹ್ನ ಅಕ್ಷರ ದಾಸೋಹದ ಬಿಸಿಯೂಟ ಇತ್ತು. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ಇತ್ತು. ಈಚೆಗೆ ಮೊಟ್ಟೆ, ಬೇಡ ಅಂದವರಿಗೆ ಬಾಳೆಹಣ್ಣು. ಪಠ್ಯಪುಸ್ತಕ ಉಚಿತವಾಗಿ ಸಿಗುತ್ತಿತ್ತು. ನಮ್ಮ ಸುತ್ತಮುತ್ತಲಿನ ಕಾಲೇಜುಗಳಿಗೆ ಸೇರಿದ ಮಕ್ಕಳಿಗೆ ಇವು ಯಾವುವೂ ಮುಂದುವರಿದದ್ದನ್ನು ನಾನು ಕಂಡಿಲ್ಲ. ಮಾರ್ಚ್‌ನಲ್ಲಿ ಹಸಿವಾಗುತ್ತಿದ್ದ ಹೊಟ್ಟೆಗೆ ಜೂನ್‌ನಲ್ಲಿ ಹಸಿವಾಗುವುದಿಲ್ಲವೇ? ಬೆಳಿಗ್ಗೆ ಏಳೂವರೆ ಬಸ್ಸಿಗೆ ಹೊರಡುವ ಮಗುವಿನ ಮನೆಯಲ್ಲಿ ಅಷ್ಟು ಹೊತ್ತಿಗೆ ಬುತ್ತಿ ಆಗಿರುವುದಿಲ್ಲ. ಅಮ್ಮ ತೋಟದ ಕೆಲಸಕ್ಕೆ ಹೋಗುವವಳಾದರೆ ಇನ್ನೂ ಕಷ್ಟ. ಮಧ್ಯಾಹ್ನ ಬೇಕರಿಯ ಒಂದು ಬನ್ನು, ಇಲ್ಲದಿದ್ದರೆ ಅದೂ ಇಲ್ಲ. ಎರಡು ಗಂಟೆಯ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಎಬ್ಬಿಸಿ ಬೈಯುವ ಮೊದಲು "ಊಟ ಆಯ್ತಾ?" ಅಂತ ಒಂದು ಸಲ ಕೇಳಿ, ದಯವಿಟ್ಟು.

ಪಿಯು ಮಕ್ಕಳಿಗೂ ಬಿಸಿಯೂಟ ಕೊಡಬೇಕು ಎಂದು ಸರ್ಕಾರವನ್ನು ನಾನು ಇಲ್ಲಿ ನೇರವಾಗಿಯೇ ಕೇಳುತ್ತೇನೆ. ಎಷ್ಟೋ ಕಡೆ ಹೈಸ್ಕೂಲು, ಪಿಯು ಕಾಲೇಜು ಒಂದೇ ಆವರಣದಲ್ಲಿವೆ. ಅಡುಗೆ ಮನೆ ಇದೆ, ಅಡುಗೆಯವರಿದ್ದಾರೆ, ಒಲೆ ಹೇಗೂ ಉರಿಯುತ್ತಿರುತ್ತದೆ. ಅಂಥ ಕಡೆ ಮೊದಲು ಶುರುಮಾಡಿ. ಅಣ್ಣ ಕಿಟಕಿಯ ಆಚೆ ನಿಂತಿರುವಾಗ ತಂಗಿ ಒಳಗೆ ಉಣ್ಣುವುದನ್ನು ನೋಡಲು ಮನಸ್ಸಿಗೆ ಕಷ್ಟವಾಗುತ್ತದೆ.

ಬಸ್ಸಿನ ಕಥೆ ನಿಮಗೂ ಗೊತ್ತಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸು ಓಡಾಡುವ ದಾರಿಯ ಹೆಣ್ಣುಮಕ್ಕಳಿಗೆ ನಿಜವಾಗಿ ಅನುಕೂಲ ಆಯಿತು. ದುಡ್ಡಿಲ್ಲ ಅಂತ ಕಾಲೇಜು ಬಿಡಿಸುತ್ತಿದ್ದ ಮನೆಗಳಲ್ಲಿ ಆ ನೆಪ ಹೋಯಿತು. ಆದರೆ ನಮ್ಮ ಶಿವಮೊಗ್ಗ, ಚಿಕ್ಕಮಗಳೂರು, ಉಡುಪಿ ಕಡೆ ಎಷ್ಟೋ ಹಳ್ಳಿಗಳಿಗೆ ಹೋಗುವುದು ಖಾಸಗಿ ಬಸ್ಸು ಮಾತ್ರ. ಅಲ್ಲಿ ಶಕ್ತಿಯೂ ಇಲ್ಲ, ಸರ್ಕಾರಿ ಬಸ್ಸಿನ ವಿದ್ಯಾರ್ಥಿ ಪಾಸೂ ನಡೆಯುವುದಿಲ್ಲ. ಗಂಡು ಮಕ್ಕಳಿಗೆ ಪಾಸ್ ಕೈಗೆ ಬರುವವರೆಗೆ ದಿನಾ ದುಡ್ಡು ಕೊಟ್ಟೇ ಹೋಗಬೇಕು. ಒಂದೇ ಬಸ್ಸು, ಅದೂ ತುಂಬಿ ಬಂದರೆ ನಿಲ್ಲಿಸುವುದಿಲ್ಲ. ಅದರ ಮೇಲೆ ಮಳೆ. ನಿಮ್ಮ ತರಗತಿ ಶುರುವಾಗುವುದೂ ಮಲೆನಾಡಿಗೆ ಮುಂಗಾರು ಹಿಡಿಯುವುದೂ ಒಂದೇ ಹೊತ್ತಿಗೆ. ಆರಿದ್ರಾ, ಪುನರ್ವಸು ಮಳೆ ಹೊಯ್ಯುವಾಗ ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟು ಹೋಗುತ್ತದೆ, ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ್ದು ಮಗು ಅರ್ಧ ದಾರಿಗೆ ಬಂದ ಮೇಲೆ ಗೊತ್ತಾಗುತ್ತದೆ. ಹೊಸ ಕಾಲೇಜು, ಹೊಸ ಸಮವಸ್ತ್ರ, ಮೈಯೆಲ್ಲ ಒದ್ದೆ, ಮೊದಲ ಪಿರಿಯಡ್ ಅರ್ಧ ಮುಗಿದಿದೆ. ಆ ಮಗುವನ್ನು ಬಾಗಿಲಲ್ಲಿ ನಿಲ್ಲಿಸಬೇಡಿ. ಎಲ್ಲರ ಮುಂದೆ ಒಂದು ಸಲ ಹಾಗೆ ನಿಂತ ಹುಡುಗಿ ಮಾರನೆಯ ದಿನ ತಡವಾದರೆ ಕಾಲೇಜಿಗೇ ಬರುವುದಿಲ್ಲ, ಬಸ್ ಸ್ಟ್ಯಾಂಡಿನಿಂದಲೇ ಮನೆಗೆ ವಾಪಸ್ ಹೋಗುತ್ತಾಳೆ. 75 ಪರ್ಸೆಂಟ್ ಹಾಜರಿ ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮ ಅವಳಿಗೂ ಗೊತ್ತು. ಹಾಜರಿ ಹೀಗೆ ಸೋರಿ ಹೋಗಿ, ಕೊನೆಗೆ "ಇನ್ನು ಹೋಗಿ ಏನು ಪ್ರಯೋಜನ" ಅನ್ನುವ ಹಂತಕ್ಕೆ ಬರುತ್ತಾಳೆ.

ಈಗ ನನಗೆ ಜಾಸ್ತಿ ನೋವು ಕೊಡುವ ವಿಷಯಕ್ಕೆ ಬರುತ್ತೇನೆ. ನಮ್ಮ ಹೈಸ್ಕೂಲು ಕನ್ನಡ ಮಾಧ್ಯಮ. ವಿಜ್ಞಾನ ತೆಗೆದುಕೊಂಡ ಮಗುವಿಗೆ ನಿಮ್ಮಲ್ಲಿ ಎಲ್ಲವೂ ಇಂಗ್ಲಿಷ್. ಹತ್ತನೇ ತರಗತಿಯ ವಿಜ್ಞಾನ, ಗಣಿತದ ಪುಸ್ತಕಗಳು ಈಗ ಕೇಂದ್ರದ ಪಠ್ಯಪುಸ್ತಕ ಸಂಸ್ಥೆಯಾದ ಎನ್‌ಸಿಇಆರ್‌ಟಿಯವೇ, ಕನ್ನಡಕ್ಕೆ ತಂದಂಥವು. ಪಿಯು ವಿಜ್ಞಾನಕ್ಕಂತೂ 2012ರಿಂದಲೇ ಎನ್‌ಸಿಇಆರ್‌ಟಿ ಇದೆ. ಅಂದರೆ ನೀವು ಮುಂದುವರಿಸುವುದು ನಾವು ನಿಲ್ಲಿಸಿದ ಕಡೆಯಿಂದಲೇ. ನಮ್ಮ ಮಕ್ಕಳು ಬೆಳಕಿನ ವಕ್ರೀಭವನ ಕಲಿತಿದ್ದಾರೆ. ಓಮ್‌ನ ನಿಯಮದ ಲೆಕ್ಕ ಮಾಡುತ್ತಾರೆ. ರಾಸಾಯನಿಕ ಸಮೀಕರಣ ಸರಿದೂಗಿಸುತ್ತಾರೆ. ಹೃದಯದ ಚಿತ್ರ ಬರೆದು ನಾಲ್ಕೂ ಕೋಣೆ ಗುರುತಿಸುತ್ತಾರೆ. ಇದನ್ನೆಲ್ಲ ಅವರು ಮರೆತು ಬಂದಿಲ್ಲ. ಇಂಗ್ಲಿಷಿನಲ್ಲಿ ಕೇಳಿದಾಗ ಅದು ತಮಗೆ ಗೊತ್ತಿರುವುದೇ ಅಂತ ಹೊಳೆಯುವುದಿಲ್ಲ, ಅಷ್ಟೇ.

ನಮ್ಮಲ್ಲಿ ವಿಜ್ಞಾನದಲ್ಲಿ ಎಲ್ಲರಿಗಿಂತ ಮುಂದಿದ್ದ ಒಬ್ಬ ಹುಡುಗಿ ಪಿಯುಸಿಗೆ ಸೇರಿದ ಮೇಲೆ ಮಾತನ್ನೇ ಕಡಿಮೆ ಮಾಡಿದಳು. ಮೊದಲ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ ಫೇಲಾಗಿದ್ದಳು. ರಜೆಯಲ್ಲಿ ನನ್ನ ಹತ್ತಿರ ಬಂದು ಹೇಳಿದ ಮಾತು ಇದು: "ಮೇಡಂ, ಅವ್ರು ಕೇಳಿದ್ದು ನಂಗೆ ಗೊತ್ತಿತ್ತು. ಆದ್ರೆ ಗೊತ್ತಿದೆ ಅಂತ ಗೊತ್ತಾಗಿದ್ದು ಮನೇಗೆ ಬಂದು ಹಳೇ ಪುಸ್ತಕ ತೆಗೆದ ಮೇಲೆ." ತರಗತಿಯಲ್ಲಿ ಯಾಕೆ ಕೇಳಲಿಲ್ಲ ಎಂದರೆ, ಇಂಗ್ಲಿಷಿನಲ್ಲಿ ಕೇಳಬೇಕಲ್ಲ, ತಪ್ಪಾದರೆ ಎಲ್ಲರೂ ತಿರುಗಿ ನೋಡುತ್ತಾರೆ, ಅದಕ್ಕೆ ಸುಮ್ನೆ ಕೂತೆ ಅಂದಳು. ಅವಳನ್ನು ಯಾರೂ ಬೈದಿರಲಿಲ್ಲ. ಯಾರೂ ಕನ್ನಡದಲ್ಲಿ ಕೇಳು ಅಂದೂ ಇರಲಿಲ್ಲ.

ಉಪನ್ಯಾಸಕ ಮಿತ್ರರೇ, ಮೊದಲ ದಿನವೇ "ನಿಮಗೆ ಅನುಮಾನ ಬಂದರೆ ಕನ್ನಡದಲ್ಲೇ ಕೇಳಿ" ಎಂದು ಗಟ್ಟಿಯಾಗಿ ಒಂದು ಮಾತು ಹೇಳಿಬಿಡಿ. ಇದಕ್ಕೆ ಯಾವ ಆದೇಶವೂ ಬೇಡ, ಅನುದಾನವೂ ಬೇಡ. ನೀಟ್ ಪರೀಕ್ಷೆಯನ್ನೇ ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು. ಹಾಗಿರುವಾಗ ತಾಲ್ಲೂಕು ಕಾಲೇಜಿನ ತರಗತಿಯಲ್ಲಿ ಕನ್ನಡದಲ್ಲಿ ಪ್ರಶ್ನೆ ಕೇಳಲು ಮಗು ಯಾಕೆ ಹೆದರಬೇಕು? ಪ್ರತಿ ಪಾಠದ ಮೊದಲ ಹತ್ತು ನಿಮಿಷ, ಅದರಲ್ಲಿ ಬರುವ ಮುಖ್ಯ ಶಬ್ದಗಳನ್ನು ಎರಡೂ ಭಾಷೆಯಲ್ಲಿ ಬೋರ್ಡಿನ ಮೇಲೆ ಬರೆದು, ಮಕ್ಕಳು ಹೈಸ್ಕೂಲಿನಲ್ಲಿ ಓದಿದ್ದನ್ನು ನೆನಪು ಮಾಡಿಸುವ ಉಪನ್ಯಾಸಕರೊಬ್ಬರನ್ನು ನಾನು ಬಲ್ಲೆ. ಜುಲೈ ಮುಗಿಯುವ ಹೊತ್ತಿಗೆ ತಮಗೆ ಆ ಹತ್ತು ನಿಮಿಷ ಬೇಕಾಗುವುದಿಲ್ಲ, ಮಕ್ಕಳೇ ಇಂಗ್ಲಿಷ್ ಶಬ್ದ ಹಿಡಿದುಕೊಂಡಿರುತ್ತಾರೆ ಅನ್ನುತ್ತಾರೆ ಅವರು. ನಮ್ಮ ಕಡೆಯ ಕೆಲಸವನ್ನೂ ಒಪ್ಪಿಕೊಳ್ಳುತ್ತೇನೆ. ಹತ್ತನೇ ತರಗತಿಯ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ ಖಾಲಿ ಇರುತ್ತದೆ. ವಿಜ್ಞಾನಕ್ಕೆ ಹೋಗುವ ಆಸೆ ಇರುವ ಮಕ್ಕಳಿಗೆ ಆಗ ಈ ಶಬ್ದಗಳ ಪರಿಚಯ ಮಾಡಿಸಲು ನಾವು ಸಿದ್ಧ. ನಿಮ್ಮ ಕಾಲೇಜಿನಿಂದ ಒಬ್ಬರು ಎರಡು ದಿನ ಬಂದು ಜೊತೆಗೂಡಿದರೆ, ಮಕ್ಕಳಿಗೆ ಮುಂದಿನ ಕಾಲೇಜಿನ ಒಂದು ಮುಖವಾದರೂ ಮೊದಲೇ ಗೊತ್ತಿರುತ್ತದೆ.

ಕಾಂಬಿನೇಷನ್ ಬಗ್ಗೆಯೂ ಒಂದು ಮಾತು. ಅಂಕ ಜಾಸ್ತಿ ಬಂದರೆ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ), ಸ್ವಲ್ಪ ಕಡಿಮೆಯಾದರೆ ಕಾಮರ್ಸ್, ಇನ್ನೂ ಕಡಿಮೆಯಾದರೆ ಆರ್ಟ್ಸ್ ಎಂಬ ಲೆಕ್ಕ ನಮ್ಮ ಊರುಗಳಲ್ಲಿ ಗಟ್ಟಿಯಾಗಿ ಕೂತಿದೆ. ಇತಿಹಾಸ, ರಾಜ್ಯಶಾಸ್ತ್ರದಲ್ಲಿ ಜೀವ ಇಟ್ಟುಕೊಂಡ ಹುಡುಗನನ್ನು ಮಾವನೋ ಚಿಕ್ಕಪ್ಪನೋ ಸೈನ್ಸಿಗೆ ತಳ್ಳುತ್ತಾರೆ. ಎರಡು ವಾರದಲ್ಲೇ ಅವನಿಗೆ ತಿಳಿಯುತ್ತದೆ, ಇದು ತನ್ನದಲ್ಲ ಅಂತ. ಬದಲಿಸಿಕೊಡಿ ಎಂದು ಆಫೀಸಿನ ಕಿಟಕಿಗೆ ಬಂದಾಗ ಅವನನ್ನು ಗದರಿಸಿ ಕಳಿಸಬೇಡಿ. ಕೂರಿಸಿ ಕೇಳಿ. ಮನೆಯವರನ್ನು ಕರೆಸಿ. ಬೇಕಿದ್ದರೆ ನಮ್ಮನ್ನೂ ಕರೆಸಿ, ನಾವು ಬಂದು ಅವನ ಪರವಾಗಿ ಮಾತಾಡುತ್ತೇವೆ. ಕಾಮರ್ಸಿಗೆ, ಆರ್ಟ್ಸಿಗೆ ಬಂದ ಮಕ್ಕಳ ಮುಂದೆ "ಅಂಕ ಇಲ್ಲದ್ದಕ್ಕೆ ಇಲ್ಲಿಗೆ ಬಂದಿದೀರಿ" ಎಂಬ ಮಾತು ಯಾವತ್ತೂ ಬೇಡ. ಅದನ್ನು ಹೇಳಿದವರು ಮರೆಯುತ್ತಾರೆ, ಕೇಳಿಸಿಕೊಂಡವರು ಮರೆಯುವುದಿಲ್ಲ.

ತಡವಾಗಿ ಬರುವ ಮಕ್ಕಳ ಬಗ್ಗೆ ಯಾರೂ ಅಷ್ಟಾಗಿ ಯೋಚಿಸಿದಂತಿಲ್ಲ. 2024ರಲ್ಲಿ ಎಸೆಸೆಲ್ಸಿ ಪರೀಕ್ಷೆಯ ಪದ್ಧತಿ ಬದಲಾಯಿತು. ಮೊದಲ ಪರೀಕ್ಷೆಯಲ್ಲಿ ಒಂದೆರಡು ವಿಷಯ ಹೋದರೂ ಮುಂದಿನ ಪರೀಕ್ಷೆ ಬರೆದು ಅದೇ ವರ್ಷ ಪಿಯುಸಿ ಸೇರಬಹುದು. ಇದು ನಿಜಕ್ಕೂ ಒಳ್ಳೆಯ ಕೆಲಸ. ವರ್ಷ ಹಾಳಾಗಿ ಕೂಲಿಗೆ ಹೋಗಿಬಿಡುತ್ತಿದ್ದ ಮಕ್ಕಳು ಉಳಿದಿದ್ದಾರೆ. ಆದರೆ ಆ ಮಗು ಫಲಿತಾಂಶ ಬಂದು, ಟಿಸಿ ಪಡೆದು, ನಿಮ್ಮ ಕಾಲೇಜಿಗೆ ಬರುವ ಹೊತ್ತಿಗೆ ಪಾಠ ಆಗಲೇ ಶುರುವಾಗಿರುತ್ತದೆ. ಗೆಳೆಯರ ಗುಂಪು ಕಟ್ಟಿರುತ್ತದೆ, ಮುಂದಿನ ಬೆಂಚುಗಳು ತುಂಬಿರುತ್ತವೆ, ನೋಟ್ಸ್ ಇರುವುದಿಲ್ಲ. ಮೊದಲೇ ಒಂದು ಸಲ ಫೇಲಾದೆ ಎಂಬ ನೋವು ಬೇರೆ. ಎಲ್ಲರಿಗಿಂತ ಜಾಸ್ತಿ ಸಹಾಯ ಬೇಕಾದ ಮಗು ಎಲ್ಲರಿಗಿಂತ ಕೊನೆಗೆ ಬರುತ್ತದೆ. ಅಂಥವರಿಗೆ ಬಿಟ್ಟುಹೋದ ಪಾಠವನ್ನು ಶನಿವಾರ ಮಧ್ಯಾಹ್ನವೋ ಬಸ್ಸಿಗೆ ಕಾಯುವ ಸಂಜೆಯ ಹೊತ್ತಿನಲ್ಲೋ ಮತ್ತೆ ಹೇಳಿಕೊಡುವ ವ್ಯವಸ್ಥೆ ಪ್ರತಿ ಕಾಲೇಜಿನಲ್ಲೂ ಆಗಬೇಕು. ಪರೀಕ್ಷೆಯ ಬಾಗಿಲು ತೆರೆದ ಸರ್ಕಾರ ತರಗತಿಯ ಬಾಗಿಲಲ್ಲೂ ಅವರಿಗಾಗಿ ಕಾಯಬೇಕು, ಅಲ್ವಾ?

ಇಲಾಖೆಯ ಅಧಿಕಾರಿಗಳೇ, ಉಪನ್ಯಾಸಕರಿಂದ ಮಾತ್ರ ಆಗದ ಕೆಲಸಗಳಿವೆ. ಸರ್ಕಾರಿ ಕಾಲೇಜುಗಳಲ್ಲಿ ಖಾಲಿ ಹುದ್ದೆಗಳನ್ನು ಅತಿಥಿ ಉಪನ್ಯಾಸಕರಿಂದ ತುಂಬುತ್ತೀರಿ. ಅವರ ನೇಮಕ ಆಗುವುದು ತರಗತಿ ಶುರುವಾಗಿ ಎಷ್ಟೋ ದಿನ ಕಳೆದ ಮೇಲೆ. ಮಗು ಕಾಲೇಜಿಗೆ ಬಂದ ಮೊದಲ ವಾರದಲ್ಲೇ ಗಣಿತದ ಪಿರಿಯಡ್ ಖಾಲಿ, ರಸಾಯನಶಾಸ್ತ್ರದ ಪಿರಿಯಡ್ ಖಾಲಿ. ಕಾಲೇಜು ಅಂದರೆ ಹೀಗೆ, ಬಂದರೂ ಪಾಠ ಇಲ್ಲ ಅನ್ನುವುದನ್ನೇ ಅದು ಮೊದಲು ಕಲಿಯುತ್ತದೆ. ಯಾವ ಕಾಲೇಜಿನಲ್ಲಿ ಯಾವ ಹುದ್ದೆ ಖಾಲಿ ಇದೆ ಎಂಬುದು ನಿಮಗೆ ಮಾರ್ಚ್‌ನಲ್ಲೇ ಗೊತ್ತಿರುತ್ತದೆ. ಬೇಸಿಗೆಯಲ್ಲೇ ನೇಮಕ ಮುಗಿಸಿ. ಹಾಸ್ಟೆಲ್ಲಿನದೂ ಇದೇ ಕಥೆ. ಸಮಾಜ ಕಲ್ಯಾಣ ಇಲಾಖೆಯ, ಹಿಂದುಳಿದ ವರ್ಗಗಳ ಇಲಾಖೆಯ (ಬಿಸಿಎಂ) ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿಗೆ ಅರ್ಜಿ ಕರೆದು, ಪಟ್ಟಿ ಹಾಕುವವರೆಗೆ ದೂರದ ಊರಿನ ಮಗು ಎಲ್ಲಿ ಉಳಿಯಬೇಕು? ಕಾಲೇಜು ತೆರೆಯುವ ದಿನವೇ ಹಾಸ್ಟೆಲ್ ಬಾಗಿಲೂ ತೆರೆಯಲಿ. ಶೌಚಾಲಯದ ವಿಷಯವನ್ನು ಬರೆಯಲು ನನಗೆ ಸಂಕೋಚ ಇಲ್ಲ. ಬಾಗಿಲಿಗೆ ಚಿಲಕ ಇಲ್ಲ, ನೀರಿಲ್ಲ ಅಂತ ಬೆಳಿಗ್ಗೆಯಿಂದ ಸಂಜೆಯವರೆಗೆ ನೀರೇ ಕುಡಿಯದೆ ಕೂರುವ ಹುಡುಗಿಯರಿದ್ದಾರೆ. ಅವರ ತಲೆನೋವಿಗೆ ಓದಿನ ಒತ್ತಡ ಕಾರಣ ಅಲ್ಲ.

ಇನ್ನೊಂದು ಕೆಲಸಕ್ಕೆ ಹೊಸದಾಗಿ ಖರ್ಚೇ ಇಲ್ಲ. ಪ್ರತಿ ಮಗುವಿಗೂ ಒಂದು ಸ್ಯಾಟ್ಸ್ ಸಂಖ್ಯೆ, ಅಂದರೆ ಸರ್ಕಾರದ ವಿದ್ಯಾರ್ಥಿ ದಾಖಲೆಯ ಸಂಖ್ಯೆ, ಇದೆ. ಶಾಲೆಯಲ್ಲಿ ಕೊಟ್ಟ ಅದೇ ಸಂಖ್ಯೆ ಪಿಯು ಕಾಲೇಜಿನಲ್ಲೂ ನಡೆಯುತ್ತದೆ. ಹಾಗಾದರೆ ನಮ್ಮ ಶಾಲೆಯಲ್ಲಿ ಪಾಸಾದವರಲ್ಲಿ ಯಾರು ಯಾವ ಪಿಯು ಕಾಲೇಜಿಗೆ ಸೇರಿದರು, ಯಾರ ಹೆಸರು ಎಲ್ಲೂ ಕಾಣುತ್ತಿಲ್ಲ ಎಂಬ ಪಟ್ಟಿಯನ್ನು ಜುಲೈ ಕೊನೆಗೆ ನಮಗೆ ಕೊಡಲು ಕಷ್ಟ ಏನು? ಐಟಿಐಗೋ ಡಿಪ್ಲೊಮಾಗೋ ಹೋದವರನ್ನು ನಾವೇ ಕೇಳಿ ತಿಳಿದುಕೊಳ್ಳುತ್ತೇವೆ. ಉಳಿದವರ ಮನೆ ಬಾಗಿಲಿಗೆ ಹೋಗುತ್ತೇವೆ. ಆದರೆ ಶಾಲೆಗಳು ಒಂದು ಕಚೇರಿಯ ಕೆಳಗೆ, ಕಾಲೇಜುಗಳು ಇನ್ನೊಂದರ ಕೆಳಗೆ. ಒಂದೇ ಊರಿನಲ್ಲಿರುವ ಆ ಎರಡು ಕಚೇರಿಗಳು ಈ ಒಂದು ಪಟ್ಟಿಯನ್ನು ಹಂಚಿಕೊಂಡರೆ ಎಷ್ಟು ಹೆಣ್ಣುಮಕ್ಕಳ ಮದುವೆ ಮುಂದಕ್ಕೆ ಹೋಗುತ್ತದೆ ಅನ್ನುವುದು ನಮ್ಮಂಥ ಊರಿನಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಇಲಾಖೆ ಏನು ಮಾಡುತ್ತದೋ ನೋಡೋಣ. ನಾವಂತೂ ಕಾಯುವುದಿಲ್ಲ. ಈ ಸಲ ನಮ್ಮ ಶಾಲೆಯಿಂದ ಹೊರಡುವ ಪ್ರತಿ ಮಗುವಿನ ಕೈಯಲ್ಲಿ ಟಿಸಿಯ ಜೊತೆ ಒಂದು ಪುಟದ ಪರಿಚಯ ಪತ್ರ ಇರುತ್ತದೆ. ಟಿಸಿಯಲ್ಲಿ ಹುಟ್ಟಿದ ದಿನ ಇರುತ್ತದೆ, ನಡತೆ ಉತ್ತಮ ಅಂತ ಇರುತ್ತದೆ. ನಿಮಗೆ ಬೇಕಾದದ್ದು ಅಷ್ಟೇ ಅಲ್ಲ. ನಮ್ಮ ಪತ್ರದಲ್ಲಿ ಮಗು ಎಷ್ಟು ದೂರದಿಂದ ಬರುತ್ತದೆ, ಯಾವ ಬಸ್ಸು, ಯಾವ ಮಾಧ್ಯಮದಲ್ಲಿ ಓದಿದೆ, ಕಣ್ಣು ಕಿವಿಯ ತೊಂದರೆ ಇದೆಯೇ, ಮನೆಯಲ್ಲಿ ಫೋನ್ ಇದೆಯೇ, ಯಾವುದರಲ್ಲಿ ಅದಕ್ಕೆ ಖುಷಿ ಎಂದು ಬರೆಯುತ್ತೇವೆ. ನಿಮ್ಮ ಸೂಚನೆಗಳೆಲ್ಲ ವಾಟ್ಸಾಪ್ ಗುಂಪಿನಲ್ಲಿ ಬರುವುದರಿಂದ ಫೋನಿನ ಸಾಲು ಮುಖ್ಯ. ಅಪ್ಪನ ಫೋನು ಅಪ್ಪನ ಜೊತೆ ತೋಟದಲ್ಲಿದ್ದರೆ ನಾಳೆ ಪರೀಕ್ಷೆ ಅಂತ ಮಗುವಿಗೆ ತಿಳಿಯುವುದೇ ಇಲ್ಲ. ಜಾತಿ ಬರೆಯುವುದಿಲ್ಲ. ಇವನು ತುಂಟ, ಇವಳು ಮಂಕು ಎಂಬಂಥ ಒಂದು ಮಾತೂ ಇರುವುದಿಲ್ಲ. ಬರೆದದ್ದನ್ನು ಮೊದಲು ಮಗುವಿಗೆ ಓದಿ ಹೇಳುತ್ತೇವೆ, ಅದು ಬೇಡ ಅಂದ ಸಾಲನ್ನು ತೆಗೆಯುತ್ತೇವೆ.

ನಿಮ್ಮ ಕಡೆಯಿಂದ ಒಬ್ಬೊಬ್ಬ ಉಪನ್ಯಾಸಕರು ಇಪ್ಪತ್ತು ಇಪ್ಪತ್ತು ಮಕ್ಕಳನ್ನು ತಮ್ಮವರು ಅಂತ ಹಂಚಿಕೊಂಡು ಆ ಪತ್ರಗಳನ್ನು ಓದಿ. ವಾರಕ್ಕೊಮ್ಮೆ ಅವರ ಜೊತೆ ಹತ್ತು ನಿಮಿಷ ನಿಂತು ಮಾತಾಡಿ. ಇದನ್ನು ಆಗಲೇ ಮಾಡುತ್ತಿರುವ ಕಾಲೇಜುಗಳೂ ಇವೆ. ಅಲ್ಲಿಗೆ ಹೋದ ನಮ್ಮ ಮಕ್ಕಳು ದೀಪಾವಳಿಗೆ ಸಿಕ್ಕಾಗ ಆ ಸರ್, ಆ ಮೇಡಂ ಹೆಸರು ಹೇಳಿಕೊಂಡು ಮಾತಾಡುತ್ತಾರೆ. ಆ ಉಪನ್ಯಾಸಕರಿಗೆ ನಮ್ಮೆಲ್ಲರ ಕೃತಜ್ಞತೆ ಸಲ್ಲಬೇಕು.

ಪತ್ರದ ಕೆಳಗೆ ನಮ್ಮ ಶಾಲೆಯ ಫೋನ್ ನಂಬರ್ ಬರೆದಿರುತ್ತೇವೆ. ಮಗು ಮೂರು ದಿನ ಬರದಿದ್ದರೆ ಒಂದು ಫೋನ್ ಮಾಡಿ. ನಮಗೆ ಮನೆ ಗೊತ್ತು, ಅವತ್ತೇ ಹೋಗಿ ಬರುತ್ತೇವೆ.

ಇಂತಿ ವಿಶ್ವಾಸದಿಂದ,
ಒಬ್ಬ ಹೈಸ್ಕೂಲ್ ವಿಜ್ಞಾನ ಶಿಕ್ಷಕಿ
ಶಿವಮೊಗ್ಗ ಜಿಲ್ಲೆ